ಕಟ್ಟಿಸಿದವರು, ಕಟ್ಟಿದವರು

ಪಾಂಡವಪುರಕ್ಕೆ ಅನತಿದೂರದಲ್ಲಿ, ಕಲ್ಲುಗುಡ್ಡಗಳ ನಡುವಣ ಕಣಿವೆಗೆ ಏರಿಯನ್ನಡ್ಡಗಟ್ಟಿ ನಿಲ್ಲಿಸಿದ ತೊಣ್ಣೂರು ಕೆರೆಯು, ಮಳೆಗಾಲ ಕಳೆದ ಮೇಲಿನ ಬೆಳಗುಗಳಲ್ಲಿ ದಡದ ತಳಗಲ್ಲುಗಳನ್ನು ಎಣಿಸಬಹುದೆಂಬಷ್ಟು ತಿಳಿಯಾಗಿರುತ್ತದೆ. ಗುಡ್ಡದ ಮೇಲೆ ಯೋಗನರಸಿಂಹ, ಊರೊಳಗೆ ಹೊಯ್ಸಳರ ಕಾಲದ ನಂಬಿನಾರಾಯಣ. 12ನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮುನ್ನ ನೆಲೆಸಿದ್ದ ಊರಿದು. ಕೆರೆಗೆ ತಿರುಮಲಸಾಗರವೆಂದು ಹೆಸರಿತ್ತು. ಮುಂದೆ ನಿಜಾಮನ ಮಗ ನಾಸಿರ್ ಜಂಗನು ನೀರಿನ ಹೊಳಪಿಗೆ ಮರುಳಾಗಿ ಮೋತಿ ತಲಾಬ್, ಮುತ್ತಿನ ಕೆರೆ, ಎಂದನಂತೆ. ಊರವರಿಗೆ ಅದು ಬರಿಯ ಕೆರೆ.

ಪುತ್ರ, ಕಾವ್ಯ, ನಿಧಿ, ವನ, ದೇಗುಲ, ಅಗ್ರಹಾರಗಳ ಸಾಲಿನಲ್ಲಿ ಕೆರೆಯನ್ನೂ ಇರಿಸಿ ನಮ್ಮ ಪೂರ್ವಿಕರು ಸಪ್ತಸಂತಾನವೆಂದರು, ಕಟ್ಟಿಸಿದವನಿಗೆ ಅಕ್ಷಯಪುಣ್ಯ. ಕಟ್ಟಿಸಿದವನಿಗೆ, ಕಟ್ಟಿದವನಿಗಲ್ಲ! ಕನ್ನಡದ ಒಂದು 'ಇಸು' ಪ್ರತ್ಯಯದೊಳಗೆ ಎಷ್ಟು ಮಣ್ಣಿನ ಮಂಕರಿಗಳು, ಎಷ್ಟು ಒಡ್ಡರ ಬೆನ್ನುಗಳು ಹೂತುಹೋಗಿವೆಯೋ!

ರಾಮಾನುಜರು ಗೀತಾಭಾಷ್ಯದಲ್ಲಿ ಕರ್ತೃತ್ವ, ಮಮತೆ, ಫಲ ಎಂಬ ಮೂರನ್ನೂ ಬಿಟ್ಟು ಕರ್ಮವನ್ನು ಮಾಡೆಂದರು. ಜೀವನು ಕರ್ತನೇ ಅಲ್ಲವೆಂದು ಅವರು ಹೇಳಲಿಲ್ಲ, ಹಾಗೆಂದರೆ ಮಾಡು, ಮಾಡಬೇಡವೆನ್ನುವ ಶಾಸ್ತ್ರವೇ ವ್ಯರ್ಥವಾದೀತು. ಕರ್ತೃತ್ವವು ನಿಜ, ಆದರೆ ಈಶ್ವರಾಧೀನ. ಈ ಮಾತು ಕೆರೆ ಕಟ್ಟಿಸಿದ ಪ್ರಭುವಿನ ಅಹಂಕಾರವನ್ನು ಇಳಿಸಬಲ್ಲುದು. ಆದರೆ ಮಂಕರಿ ಹೊತ್ತವನು ಬಿಡುವುದೇನನ್ನು? ಹೆಸರು ಅವನಿಗೆ ದಕ್ಕಲಿಲ್ಲ, ಅಚ್ಚುಕಟ್ಟಿನಲ್ಲಿ ಗದ್ದೆಯೂ ದಕ್ಕಿರಲಾರದು, ಇಲ್ಲದ್ದನ್ನು ತ್ಯಜಿಸುವುದೆಂತು? ಸರ್ವಸ್ವವೂ ಭಗವಂತನದೇ ಆಗಿರುವಲ್ಲಿ ಅರಸನೂ ಕೂಲಿಯೂ ಸಮಾನ ದರಿದ್ರರೆಂದು ಸಿದ್ಧಾಂತಿಗಳು ಸಮಾಧಾನ ಹೇಳಿಯಾರು. ನಾನು ಅರ್ಧ ಒಪ್ಪುತ್ತೇನೆ; ಶಿಲಾಶಾಸನಗಳನ್ನು ಬರೆಯಿಸಿದವರು ಅಷ್ಟನ್ನೂ ಒಪ್ಪಿದಂತೆ ತೋರುವುದಿಲ್ಲ.

ಅದೊಂದು ಸಂಜೆ ಏರಿಯ ಕೆಳಗಣ ಕಾಲುವೆಯಲ್ಲಿ ನೀರುಗಂಟಿಯೊಬ್ಬನು ಮೊಣಕಾಲುದ್ದದ ನೀರಿನಲ್ಲಿ ನಿಂತು, ಸನಿಕೆಯಿಂದ ಒಂದು ಹೆಂಟೆ ಕೆಸರನ್ನೆತ್ತಿ ಒಂದು ಮಡೆಯನ್ನು ಮುಚ್ಚಿ ಇನ್ನೊಂದನ್ನು ಬಿಡಿಸುತ್ತಿದ್ದನು. ಕೆರೆಯನ್ನು ಕಟ್ಟಿದವರು ಯಾರೆಂದು ಕೇಳಿದೆ. "ಕೆರೆಯಾ? ಇತ್ತಲ್ಲ" ಎಂದನು; ಅಂಗೈಯಿಂದ ಕೆಸರನ್ನು ತಟ್ಟಿ ಸೋರಿಕೆಯನ್ನು ನಿಲ್ಲಿಸಿ, ನೀರು ತಿರುಗಿದುದನ್ನು ನೋಡಿಕೊಂಡು, ಸನಿಕೆಯನ್ನು ಹೆಗಲಿಗೇರಿಸಿ ಮುಂದಿನ ಗದ್ದೆಯ ಬದುವನ್ನು ಹಿಡಿದನು.