ಬಾಗಿಲಿನ ಕಾವಲು

ಇಂದ್ರಿಯಗಳು ದೇಹವೆಂಬ ಮನೆಯ ಬಾಗಿಲುಗಳು. ಅವನ್ನು ಸದಾ ಮುಚ್ಚಿಡುವುದು ಧರ್ಮವೋ, ಮಿತಿಯರಿತು ತೆರೆಯುವುದು ಧರ್ಮವೋ? ನಮ್ಮ ದೇಹದ ಕಣಕಣವೂ ಇದಕ್ಕೆ ಉತ್ತರವನ್ನೀಯುತ್ತಿದೆ.

ಜೀವಕೋಶದೊಳಗೆ ಮೈಟೋಕಾಂಡ್ರಿಯವೆಂಬ ಸೂಕ್ಷ್ಮಾಂಗವುಂಟು. ಉಂಡ ಅನ್ನದ ಸಾರವನ್ನು ಶಕ್ತಿಯಾಗಿಸಿ ಕೋಶಕ್ಕೆ ನೀಡುವುದೇ ಅದರ ಕಾಯಕ. ಅದಕ್ಕೆ ಎರಡು ಪೊರೆಗಳು. ಹೊರಪೊರೆಯ ರಂಧ್ರಗಳಲ್ಲಿ ಕೊಡುಕೊಳೆ ಸದಾ ನಡೆಯುತ್ತದೆ. ಒಳಪೊರೆ ಬಹು ಬಿಗಿಯಾದುದು. ಕ್ಯಾಲ್ಸಿಯಂ ಮಿತಿಮೀರಿದಾಗ ಅಲ್ಲಿಯೂ ರಂಧ್ರವೊಂದು ತೆರೆಯುವುದು. ಕ್ಷಣಮಾತ್ರ ತೆರೆದು ಮುಚ್ಚಿದರೆ ಭಾರ ಇಳಿಯುವುದು. ತೆರೆದೇ ಉಳಿದರೆ ನೀರು ನುಗ್ಗಿ ಅಂಗವು ಉಬ್ಬುವುದು, ಶಕ್ತಿ ಉಡುಗುವುದು, ಕೋಶವು ಸಾಯುವುದು. ಡಂಬಳದ ಕೆರೆಯನ್ನು ಬಲ್ಲ ಮುಂಡರಗಿ ಸೀಮೆಯ ಒಕ್ಕಲಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಬಿನಿಂದ ಅಳತೆಯರಿತು ಬಿಟ್ಟ ನೀರು ಬೆಳೆಗೆ, ಏರಿಯೊಡೆದು ಹರಿದ ನೀರು ಹಾಳಿಗೆ.

ಆದರೆ ಸಾವೆಲ್ಲವೂ ಕೇಡಲ್ಲ. ಕೆಟ್ಟ ಕೋಶವು ಅನೇಕ ವೇಳೆ ಹೊರಪೊರೆಯಲ್ಲಿ ತಾನೇ ರಂಧ್ರ ತೆರೆದು, ಸೈಟೋಕ್ರೋಮ್ ಸಿ ಎಂಬ ದ್ರವ್ಯವನ್ನು ಹೊರಬಿಟ್ಟು, ನೆರೆಯ ಕೋಶಗಳಿಗೆ ಕೇಡಾಗದಂತೆ ಅಳಿಯುತ್ತದೆ. ಇಂಥ ಕ್ರಮದ ಅಳಿವಿಗೆ ವಿಜ್ಞಾನಿಗಳು 1972ರಲ್ಲಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಗರ್ಭದಲ್ಲಿ ಶಿಶುವಿನ ಬೆರಳುಗಳು ಬಿಡಿಯಾಗುವುದೂ ಕೋಶಗಳ ಇಂಥ ಅಳಿವಿನಿಂದಲೇ. ಅಳಿಯಲೊಲ್ಲದ ಕೋಶವು ಅರ್ಬುದವಾಗಿ ಮನೆಯನ್ನೇ ನುಂಗಬಹುದು.

ಇದರಿಂದ ದೇಹತ್ಯಾಗವೇ ಧರ್ಮವೆಂದು ಯಾರೂ ತಿಳಿಯಬಾರದು. ಕೋಶಕ್ಕೆ ಅರಿವಿಲ್ಲ, ಮನುಷ್ಯನಿಗುಂಟು. ನಮ್ಮಲ್ಲಿ ಅಳಿಯಬೇಕಾದುದು ‘ನಾನು’ ಎಂಬ ಅಹಂಕಾರ. ಉಳಿಯಬೇಕಾದುದು ಕಾಯಕ, ದಾಸೋಹ. ಶರಣರು ಇಂದ್ರಿಯಗಳನ್ನು ಬಲಾತ್ಕಾರದಿಂದ ಮುಚ್ಚೆನ್ನಲಿಲ್ಲ. ಬಂದುದನ್ನು ಲಿಂಗಕ್ಕರ್ಪಿಸಿ ಪ್ರಸಾದವಾಗಿ ಕೊಳ್ಳೆಂದರು. ಗೃಹಸ್ಥನ ಬಾಗಿಲಿಗೆ ಆ ಅರ್ಪಣವೇ ಕಾವಲು.