ಮೂರ್ಛೆಯ ಸ್ಥಾನ

ಮುಂಗೈಯ ರಕ್ತನಾಳಕ್ಕೆ ಪ್ರೊಪೊಫಾಲ್ ಎಂಬ ಹಾಲುಬಿಳುಪಿನ ದ್ರವವನ್ನು ಹರಿಯಿಸಿದೊಡನೆ ತೋಳಿನಲ್ಲಿ ಕ್ಷಣಕಾಲ ಉರಿಯೇರುತ್ತದೆ. ಅಂಕಿಗಳನ್ನೆಣಿಸುತ್ತಿದ್ದ ರೋಗಿಯ ಧ್ವನಿ ನಡುವೆಯೇ ನಿಂತುಹೋಗುತ್ತದೆ. ಶಸ್ತ್ರಚಿಕಿತ್ಸೆ ಮುಗಿದು ಕಣ್ದೆರೆದವನು ಎಷ್ಟೋ ವೇಳೆ ಕೇಳುವುದು, 'ಇನ್ನೂ ಶುರುಮಾಡಲಿಲ್ಲವೆ?' ಎಂದು. ನಿದ್ದೆಯಿಂದೆದ್ದವನು ಹಾಗೆ ಕೇಳುವವನಲ್ಲ. 'ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ' ಎಂಬ ಅವನ ಮಾತನ್ನೇ ಆಧಾರವಾಗಿ ಹಿಡಿದು, ಅನುಭವವಿಲ್ಲದೆ ಸ್ಮರಣೆಯುಂಟಾಗದ ಕಾರಣ ಸುಷುಪ್ತಿಯಲ್ಲಿಯೂ, ಅಂದರೆ ಕನಸಿಲ್ಲದ ಗಾಢನಿದ್ದೆಯಲ್ಲಿಯೂ, ನೋಡುವ ಅರಿವಾದ ಸಾಕ್ಷಿಚೈತನ್ಯವು ಇದ್ದೇ ಇತ್ತೆಂದು ಅದ್ವೈತಿಗಳು ಸಾಧಿಸಿದರು. ಆ ಸ್ಮರಣೆಯೂ ಇಲ್ಲದ ಅರಿವಳಿಕೆಯಲ್ಲಿ ಸಾಕ್ಷಿಯ ಗತಿಯೇನು?

1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯರು ಈಥರನ್ನು ಬಹಿರಂಗವಾಗಿ ಪ್ರಯೋಗಿಸಿದಂದಿನಿಂದ ವೈದ್ಯವು ಈ ಸ್ಥಿತಿಯನ್ನು ಬಳಸುತ್ತ ಬಂದಿದ್ದರೂ, ಗಣಿತವು ಅದರ ಒಳಹೊಕ್ಕದ್ದು ಈಚೆಗೆ. 1999ರಲ್ಲಿ ನ್ಯೂಜಿಲೆಂಡಿನ ವೈಕಾಟೊ ವಿಶ್ವವಿದ್ಯಾನಿಲಯದ ಮೊಯಿರಾ ಸ್ಟೈನ್-ರಾಸ್ ಮತ್ತು ಸಂಗಡಿಗರು ಮಿದುಳಿನ ಹೊರಪದರವನ್ನು, ಉದ್ರೇಕಿಸುವ ಮತ್ತು ತಡೆಯುವ ಎಂಬೆರಡು ನರಕೋಶಸಮೂಹಗಳ ಸರಾಸರಿ ವಿದ್ಯುದ್ವಿಭವದ ಮೂಲಕ ವರ್ಣಿಸುವ ಸಮೀಕರಣಗಳಿಂದ ಒಂದು ಫಲವನ್ನು ಪಡೆದರು. ಅಲ್ಲಿ ಔಷಧದ ಮುಖ್ಯ ಕೆಲಸ, ತಡೆಯುವ ಸಂಕೇತವು ಅಳಿಯುವ ಕಾಲವನ್ನು ದೀರ್ಘಗೊಳಿಸುವುದು. ಔಷಧವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರೂ ಮಿದುಳಿನ ಚಟುವಟಿಕೆ ಮೆಲ್ಲಮೆಲ್ಲನೆ ಇಳಿಯದು; ಒಂದು ಮೇರೆಯ ಹತ್ತಿರ ಅದರ ಏರುಪೇರುಗಳು ಉಬ್ಬಿ, ನೀರು ಹೆಪ್ಪುಗಟ್ಟುವಂತೆ ಅದು ಒಮ್ಮೆಗೇ ಬೇರೊಂದು ಸ್ಥಿತಿಗೆ ಜಿಗಿಯುತ್ತದೆ. ಹಿಂದಿರುಗುವ ಮೇರೆಯಾದರೋ ಅದಕ್ಕಿಂತ ಕೆಳಗಿದೆ. ಆದುದರಿಂದ ಈ ಎರಡು ಮೇರೆಗಳ ನಡುವೆ ಔಷಧದ ಪ್ರಮಾಣವು ಒಂದೇ ಆಗಿರುವಾಗಲೂ, ಯಾವ ದಾರಿಯಿಂದ ಅಲ್ಲಿಗೆ ಬಂದನೆಂಬುದನ್ನು ಅನುಸರಿಸಿ, ಮನುಷ್ಯನು ಎಚ್ಚರವಾಗಿರಬಹುದು ಇಲ್ಲವೆ ಅರಿವಳಿದಿರಬಹುದು. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಮಾತು: ಅರಿವಳಿಕೆಯು ಎಚ್ಚರದ ಬರಿಯ ಕೊರತೆಯಲ್ಲ, ತನ್ನದೇ ಎಲ್ಲೆಯುಳ್ಳ ಒಂದು ಅವಸ್ಥೆ.

ಇಂಥ ಅವಸ್ಥೆಯ ಪ್ರಶ್ನೆ ವೇದಾಂತಕ್ಕೆ ಹೊಸದಲ್ಲ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಮೂರ್ಛೆಗೆಂದೇ ಒಂದು ಸೂತ್ರವುಂಟು. ಮೂರ್ಛಿತನು ಜಾಗ್ರತ್ತಿನಲ್ಲಿಲ್ಲ, ಸ್ವಪ್ನದಲ್ಲಿಲ್ಲ, ಸತ್ತೂ ಇಲ್ಲ. ಸುಷುಪ್ತನೆನ್ನೋಣವೆಂದರೆ, ನಿದ್ರಿಸುವವನ ಮುಖ ಪ್ರಸನ್ನ, ಉಸಿರು ಸಮ, ಕೈಯಿಂದ ಅಮುಕಿದರೆ ಸಾಕು, ಏಳುತ್ತಾನೆ. ಮೂರ್ಛಿತನು ಮುದ್ಗರದಿಂದ ಹೊಡೆದರೂ ಏಳನು. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದ ಭಾಷ್ಯಕಾರ ಶಂಕರಾಚಾರ್ಯರು ಅದನ್ನು ಅರ್ಧ ಸುಷುಪ್ತಿಯ ಕಡೆಗೂ ಅರ್ಧ ಮರಣದ ಕಡೆಗೂ ಸೇರಿದ್ದೆಂದು ನಿರ್ಣಯಿಸಿದರು. ಮೂರು ಅವಸ್ಥೆಗಳ ಸುಲಭವಾದ ಚೌಕಟ್ಟಿಗೆ ಅನುಭವವನ್ನು ಬಲಾತ್ಕಾರವಾಗಿ ತುರುಕದ ಈ ಪ್ರಾಮಾಣಿಕತೆಯನ್ನು ನಾವು ಸಾಕಷ್ಟು ಗೌರವಿಸಿಲ್ಲ.

ಆದರೆ ಸಮೀಕರಣದಲ್ಲಿರುವ ಚರವು ವಿದ್ಯುದ್ವಿಭವ, ಸಾಕ್ಷಿಯಲ್ಲ. ವಿಭವವು ಕುಸಿದಾಗ ನೋಡುವವನೂ ಇಲ್ಲವಾದನೆಂದು ಗಣಿತಜ್ಞನು ಹೇಳಿದರೆ ಅದು ಗಣಿತದಿಂದ ಬಂದ ಮಾತಲ್ಲ. ವೇದಾಂತಿಯೂ ಇಲ್ಲಿ ಸ್ಮರಣೆಯ ಪ್ರಮಾಣವನ್ನು ಕೈಬಿಡಬೇಕಾಗುತ್ತದೆ, ಮತ್ತು ಸ್ಮರಣೆಯಿಲ್ಲದ್ದರಿಂದ ಅನುಭವವೇ ಇರಲಿಲ್ಲವೆನ್ನುವವನೂ ಕೈಬಿಡಬೇಕು. 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ಸ್ನಾಯುಗಳನ್ನು ಸಡಿಲಿಸುವ ಔಷಧವು ಒಂದು ಮುಂಗೈಗೆ ಮಾತ್ರ ತಲಪದೆ ಅದು ಅಲುಗಬಲ್ಲುದಾಗಿ ಉಳಿಯುವಂತೆ ತೋಳಿಗೆ ಪಟ್ಟಿ ಬಿಗಿಯುವ ಉಪಾಯವನ್ನು ಪ್ರಕಟಿಸಿದರು. ಅಂಥ ಪರೀಕ್ಷೆಗಳಲ್ಲಿ, ಅರಿವಳಿದವರೆಂದು ಭಾವಿಸಲ್ಪಟ್ಟ ಕೆಲವರು 'ನನ್ನ ಕೈಯನ್ನು ಹಿಡಿದು ಅಮುಕಿ' ಎಂದರೆ ಅಮುಕಿದ್ದಾರೆ. ಎಚ್ಚತ್ತ ಮೇಲೆ ಅವರಲ್ಲಿ ಬಹುಮಂದಿಗೆ ಅದರ ನೆನಪು ಲೇಶವೂ ಇರಲಿಲ್ಲ. ಆ ಕೈಯನ್ನು ಜಿಗಿತದ ಯಾವ ಪಕ್ಕದಲ್ಲಿ ಇರಿಸಬೇಕೆಂಬುದನ್ನು ಹೇಳಬಲ್ಲ ಸಮೀಕರಣವನ್ನೂ, ಆ ಅಮುಕಿದವನು ಯಾರೆಂದು ಹೇಳಬಲ್ಲ ಭಾಷ್ಯವನ್ನೂ ನಾನು ಸಮಾನವಾದ ಆಸ್ಥೆಯಿಂದ ಓದಲು ಸಿದ್ಧನಾಗಿದ್ದೇನೆ.