ಎಡೆಯ ಉಂಡೆ ಯಾಕೆ ಕಡಿಮೆಯಾಗಲಿಲ್ಲ?

"ಅಜ್ಜಿ, ದೇವ್ರು ಒಂದೂ ತಿಂದಿಲ್ಲ. ಐದು ಇಟ್ಟಿದ್ವಿ, ಐದೂ ಹಂಗೇ ಅದಾವೆ."

ಪಂಚಮಿಯ ಮುನ್ನಾದಿನ ನ್ಯಾಮತಿಯ ನಮ್ಮ ಮನೆಯ ದೇವರ ಜಗುಲಿಯ ಮುಂದೆ ನಿಂತು ಮೊಮ್ಮಗಳು ಹೀಗೆಂದಾಗ ಅದರಲ್ಲಿ ತುಂಟತನವೇನೂ ಇರಲಿಲ್ಲ. ಕಳೆಯುವ ಲೆಕ್ಕವನ್ನು ಈಚೆಗೆ ಕಲಿತ ಹುಡುಗಿ, ಎಣಿಸಿ ನೋಡಿ ಹೇಳಿದ್ದಳು. ಕೊಟ್ಟದ್ದನ್ನು ತಿನ್ನದವನಿಗೆ ಮತ್ತೆ ಮತ್ತೆ ಯಾಕೆ ಕೊಡಬೇಕು? ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. "ಹಂಗೆಲ್ಲ ಕೇಳಬಾರ್ದು" ಎಂದು ಮಗುವಿನ ಬಾಯಿ ಮುಚ್ಚಿಸುವುದು ನನಗೆ ಒಗ್ಗುವುದಿಲ್ಲ. ದೇವರ ವಿಷಯದಲ್ಲಂತೂ ಸರಿಯಾದ ಉತ್ತರವನ್ನೇ ಕೊಡಬೇಕು. ಆ ಉತ್ತರ ನನಗೆ ಸಿಕ್ಕಿದ್ದು ಅವತ್ತು ನಾವು ಮಾಡಿದ ತಿಂಡಿಯಿಂದಲೇ.

ಮಾಡಿದ್ದು ಪಾಪ್‌ಕಾರ್ನ್ ಉಂಡೆ. ಜಗಳೂರು ಕಡೆಯ ನನ್ನ ತವರಿನಲ್ಲಿ ಪಂಚಮಿ ಎಂದರೆ ಬಿಳಿಜೋಳದ ಅರಳು. ಅವ್ವ ಜೋಳಕ್ಕೆ ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ನೆರಳಲ್ಲಿ ಆರಲು ಬಿಟ್ಟು, ಆಮೇಲೆ ಕಾದ ಬಾಣಲಿಗೆ ಹಿಡಿ ಹಿಡಿಯಾಗಿ ಹಾಕಿ ಬಟ್ಟೆಯ ಉಂಡೆಯಿಂದ ಒತ್ತಿ ಆಡಿಸುತ್ತಿದ್ದಳು. ಆ ಅರಳನ್ನು ಬೀಸಿ ಬೆಲ್ಲ ಹಾಕಿ ಕಲಸಿದರೆ ಅಳ್ಳಿಟ್ಟು. ಮದುವೆಯಾಗಿ ಈ ಕಡೆ ಬಂದ ಮೇಲೆ ಮಂಡಕ್ಕಿ ಉಂಡೆಯೂ ಸೇರಿತು. ದಾವಣಗೆರೆಯ ಭಟ್ಟಿಗಳಲ್ಲಿ ಹುರಿದ ಮಂಡಕ್ಕಿ ನಮ್ಮ ಸಂತೆಗಳಿಗೆ ಮೂಟೆಗಟ್ಟಲೆ ಬರುತ್ತದೆ. ಮೊಮ್ಮಕ್ಕಳಿಗೆ ಮಾತ್ರ ಪಾಪ್‌ಕಾರ್ನೇ ಬೇಕು. ಆಗಲಿ ಎಂದು ಅವ್ವನ ಪಾಕಕ್ಕೆ ಅವರ ಪಾಪ್‌ಕಾರ್ನ್ ಹಾಕಿದೆ.

ಇದರಲ್ಲೊಂದು ಸೋಜಿಗವಿದೆ. ಶ್ರಾವಣದಲ್ಲಿ ಹೊನ್ನಾಳಿಗೆ ಹೋಗುವಾಗ ಕಣ್ಣು ಹಾಯಿಸಿದಲ್ಲೆಲ್ಲ ಮೆಕ್ಕೆಜೋಳ. ಜಗಳೂರಿನ ಮಳೆಯನ್ನೇ ನಂಬಿದ ಕೆಂಪು ಹೊಲಗಳಲ್ಲೂ ಅದೇ. ಆದರೆ ಪಾಪ್‌ಕಾರ್ನ್ ಕಾಳನ್ನು ಅಂಗಡಿಯಿಂದ ಪ್ಯಾಕೆಟ್ಟಿನಲ್ಲೇ ತರಬೇಕು. ನಮ್ಮ ಹೊಲದ ಕಾಳು ಹುರಿದರೆ ಬಿರಿಯುತ್ತದೆ, ಅರಳುವುದಿಲ್ಲ. ಅದು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುವ ಕಾಳು. ಅರಳುವ ತಳಿಯೇ ಬೇರೆ. ಅದರ ಸಿಪ್ಪೆ ಗಟ್ಟಿ, ಒಳಗೆ ಶೇಕಡಾ 13–14ರಷ್ಟು ತೇವ. ಕಾಳು ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾವಿಗೆ ಬಂದಾಗ ಒಳಗಿನ ನೀರು ಹಬೆಯಾಗಿ ಒತ್ತಿ ಸಿಪ್ಪೆಯನ್ನು ಸೀಳುತ್ತದೆ, ಬೆಂದ ಪಿಷ್ಟ ಒಮ್ಮೆಗೇ ಹೊರಗೆ ಉಬ್ಬಿ ಹಾಗೇ ಗಟ್ಟಿಯಾಗುತ್ತದೆ. ಅವ್ವ ಜೋಳಕ್ಕೆ ನೀರು ಚಿಮುಕಿಸುತ್ತಿದ್ದದ್ದೂ ಈ ತೇವಕ್ಕಾಗಿಯೇ.

ಅಮೆರಿಕದಿಂದ ಬಂದ ಕಾಳು ಎಡೆಗೆ ಬರುತ್ತದೆಯೇ ಎಂದು ಪಕ್ಕದ ಮನೆಯ ಹಿರಿಯರೊಬ್ಬರು ಕೇಳಿದರು. ಆಲೂಗಡ್ಡೆ, ಟೊಮೆಟೊ ಸೇರಿಸದ ದೇವಸ್ಥಾನದ ಅಡುಗೆಮನೆಗಳು ಇಂದಿಗೂ ಇರುವುದರಿಂದ ಅವರು ಕೇಳಿದ್ದು ತಪ್ಪಲ್ಲ. 13ನೇ ಶತಮಾನದ ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂದು ವಾದಿಸಿದವರೂ ಇದ್ದಾರೆ, ಅದನ್ನು ಒಪ್ಪದವರು ಇನ್ನೂ ಹೆಚ್ಚು. ಆ ವಾದ ನನಗೆ ಬೇಕಿಲ್ಲ. ನಾವು ತಲೆತಲಾಂತರದಿಂದ ಎಡೆಗಿಡುವ ಬಿಳಿಜೋಳದ ಮೂಲವೇ ಆಫ್ರಿಕಾ. ದೇವರು ಕಾಳಿನ ಊರು ಕೇಳುವವನಾಗಿದ್ದರೆ ನಮ್ಮ ರೊಟ್ಟಿಯೂ ಅವನಿಗೆ ಸಲ್ಲುತ್ತಿರಲಿಲ್ಲ.

ಅರ್ಧ ಬಟ್ಟಲು ಕಾಳು, ಕುಕ್ಕರಿನ ತಳಕ್ಕೆ ಒಂದು ಚಮಚ ಎಣ್ಣೆ, ಮೇಲೆ ಸಡಿಲವಾಗಿ ಮುಚ್ಚಿದ ತಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಸದ್ದು, ಸ್ವಲ್ಪ ಬಿಟ್ಟು ಇನ್ನೊಂದು, ನಂತರ ತಟ್ಟೆ ಕುಣಿಯುವ ಹಾಗೆ ಪಟಪಟ. ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅರಳದ ಕಾಳುಗಳನ್ನು ಆರಿಸಿ ತೆಗೆದೆವು. ಹಲ್ಲಿಗೆ ಸಿಕ್ಕರೆ ಅವು ಕಲ್ಲೇ. ಇನ್ನೊಂದು ಒಲೆಯ ಮೇಲೆ ಕಾಲು ಕೆ.ಜಿ. ಬೆಲ್ಲ, ಅದು ಕರಗುವಷ್ಟೇ ನೀರು. ಕರಗಿದ ಮೇಲೆ ಸೋಸಿ, ಮತ್ತೆ ಒಲೆಗಿಟ್ಟು, ನೊರೆ ಎದ್ದು ಬಣ್ಣ ಕಂದಾಗುವ ತನಕ ಕೈಬಿಡದೆ ಆಡಿಸಿದೆ. ತಣ್ಣೀರಿನ ತಟ್ಟೆಗೆ ಒಂದು ಹನಿ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಯ ಅಂಚಿಗೆ ಹೊಡೆದರೆ ಟಣ್ ಎನ್ನಬೇಕು. ಅಂದಾಗ ಏಲಕ್ಕಿ, ಒಂದು ಚಮಚ ತುಪ್ಪ, ಆಮೇಲೆ ಅರಳು. ಪಾಕ ಕಾಯಿಸಿ ಸುರಿಯುವುದನ್ನು ಮಕ್ಕಳ ಕೈಗೆ ಕೊಡಬಾರದು, ಬೆಲ್ಲದ ಪಾಕ ಅಂಟಿಕೊಂಡೇ ಸುಡುತ್ತದೆ.

ಉಂಡೆ ಕಟ್ಟುವುದು ಅವರ ಪಾಲು. ಅದಕ್ಕೆ ಸಿಗುವ ಹೊತ್ತು ಬಹಳ ಕಡಿಮೆ. ಮುಂಚೆ ಮುಟ್ಟಿದರೆ ಕೈಗೆ ಬೊಬ್ಬೆ, ತಡವಾದರೆ ಉಂಡೆ ನಿಲ್ಲುವುದಿಲ್ಲ. ಮೊಮ್ಮಗಳು ಅಂಗೈಗೆ ತುಪ್ಪ ಸವರಿಕೊಂಡು ಜಾಣತನದಿಂದ ಒತ್ತಿದಳು. ಅವಳ ತಮ್ಮನಿಗೆ ಅಷ್ಟು ತಾಳ್ಮೆ ಎಲ್ಲಿ? ಅವನು ಒತ್ತಿದ್ದು ಬೆರಳ ಸಂದಿಯಲ್ಲೇ ಸೇರಿಕೊಂಡಿತು. ಎರಡು ಅಂಗೈ ಒಂದಕ್ಕೊಂದು ಅಂಟಿ, ಬಿಡಿಸಿದರೆ ಬೆಲ್ಲ ಎಳೆ ಎಳೆಯಾಗಿ ಬಂತು. ಆ ಎಳೆ ಎಷ್ಟು ಉದ್ದ ಬರುತ್ತದೆಂದು ನೋಡುವುದೇ ಒಂದು ಆಟವಾಯಿತು. ಕೂದಲಿಗೂ ಬಾಗಿಲ ಚಿಲಕಕ್ಕೂ ಬೆಲ್ಲ ಹತ್ತಿತು. ಕೊನೆಗೆ ಅವನು ಕಂಡುಕೊಂಡ ಉಪಾಯ ನೆಕ್ಕುವುದು. ನೆಕ್ಕಿದ, ಅದೇ ಕೈಯಲ್ಲಿ ಮುಂದಿನ ಉಂಡೆ ಕಟ್ಟಿದ. ಎಡೆಯ ಐದರಲ್ಲಿ ಅದೂ ಒಂದು.

ಚನ್ನಗಿರಿಯ ಅಡಿಕೆ ತೋಟದ ಮನೆಗೆ ಕೊಟ್ಟ ನನ್ನಕ್ಕ ಹಬ್ಬಕ್ಕೆ ಬಂದಿದ್ದವಳು ಇದನ್ನು ನೋಡಿ ಸುಮ್ಮನಿರಲಿಲ್ಲ. "ನೆಕ್ಕಿದ ಕೈಯಾಗೆ ಕಟ್ಟಿದ್ದು ಎಡೆಗೆ ಬರಲ್ಲ ಕಣೆ" ಎಂದಳು. ನಾನು ಬೇಡರ ಕಣ್ಣಪ್ಪನ ಹೆಸರು ತೆಗೆದೆ. ಅವನು ರುಚಿ ನೋಡಿಯೇ ಮಾಂಸ ಕೊಟ್ಟನಲ್ಲ, ಶಿವ ಬೇಡ ಎಂದನೇ? "ಕಣ್ಣಪ್ಪ ಕಣ್ಣೂ ಕೊಟ್ಟ. ನಿನ್ನ ಮೊಮ್ಮಗ ಏನ್ ಕೊಟ್ಟಾನೆ?" ಎಂದಳು ಅಕ್ಕ. ಒಳ್ಳೆಯ ಮಾತು. ಕಣ್ಣಪ್ಪನ ಕಥೆಯನ್ನು ಎಂಜಲಿಗೆ ರಿಯಾಯಿತಿ ಕೇಳಲು ಬಳಸಬಾರದೆಂದು ನನಗೂ ಅನ್ನಿಸಿತು.

ಹೀಗೆ ಎರಡು ಪ್ರಶ್ನೆಗಳಾದವು. ದೇವರು ತಿನ್ನುವುದೇ ಇಲ್ಲವಲ್ಲ ಎಂಬುದು ಮೊಮ್ಮಗಳದು, ದೇವರಿಗಿಂತ ಮುಂಚೆ ತಿಂದರಲ್ಲ ಎಂಬುದು ಅಕ್ಕನದು. ಎರಡಕ್ಕೂ ಉತ್ತರ ಒಂದೇ ಎಂದು ನಾನು ನಂಬಿದ್ದೇನೆ. ಅಲ್ಲಿಗೆ ಬರುವ ಮುಂಚೆ, ನಮ್ಮ ಜನ ಮೊದಲನೆಯ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರಗಳನ್ನು ನೋಡಬೇಕು.

ಕೋಳೂರ ಕೊಡಗೂಸಿನ ಕಥೆಯಲ್ಲಿ ದೇವರು ನಿಜಕ್ಕೂ ಕುಡಿಯುತ್ತಾನೆ. ಅಪ್ಪ ಊರಿಗೆ ಹೋಗುವಾಗ ದಿನಾ ಶಿವನಿಗೆ ಹಾಲು ಕೊಡು ಎಂದು ಮಗಳಿಗೆ ಹೇಳಿ ಹೋಗುತ್ತಾನೆ. ಅವಳು ಬಟ್ಟಲು ಇಟ್ಟು ಕಾಯುತ್ತಾಳೆ. ಹಾಲು ಕಡಿಮೆಯಾಗದಿದ್ದಾಗ ಅತ್ತು ಕರೆದು, ಪ್ರಾಣ ಬಿಡುತ್ತೇನೆಂದು ಹಟ ಹಿಡಿದು ಕುಡಿಸುತ್ತಾಳೆ. ಹಿಂದಿರುಗಿದ ಅಪ್ಪ ಅದನ್ನು ನಂಬುವುದಿಲ್ಲ. ಕೊನೆಗೆ ಅವಳು ಲಿಂಗದಲ್ಲೇ ಸೇರಿಹೋಗುತ್ತಾಳೆ. ಈ ಕಥೆ ನನ್ನನ್ನು ಪ್ರತಿ ಸಲವೂ ಕಲಕುತ್ತದೆ, ಏಕೆಂದರೆ ನನ್ನ ಮೊಮ್ಮಗಳು ಎಣಿಸಿದ ಹಾಗೆಯೇ ಆ ಮಗುವೂ ಬಟ್ಟಲನ್ನು ನೋಡಿತ್ತು. ದೊಡ್ಡವನಾದ ಅಪ್ಪ ಮಾತ್ರ ತಾನೇ ಹೇಳಿಕೊಟ್ಟದ್ದನ್ನು ನಂಬಿರಲಿಲ್ಲ.

ನಮ್ಮ ತಾಲ್ಲೂಕಿನದೇ ಸೂರಗೊಂಡನಕೊಪ್ಪದಲ್ಲಿ ಇನ್ನೊಂದು ಉತ್ತರ ಕಾಣಬಹುದು. 1739ರ ಫೆಬ್ರವರಿ 15ರಂದು ಸಂತ ಸೇವಾಲಾಲರು ಅಲ್ಲಿ ಹುಟ್ಟಿದರೆಂದು ಬಂಜಾರರು ನಂಬುತ್ತಾರೆ. ಜಯಂತಿಗೆ ದೂರದ ತಾಂಡಾಗಳಿಂದ ನಡೆದೇ ಬರುವವರಿದ್ದಾರೆ. ಬಂಜಾರರ ಭೋಗದಲ್ಲಿ ಸಿಹಿ, ತುಪ್ಪ ಎಲ್ಲ ಕೆಂಡಕ್ಕೆ ಬೀಳುತ್ತದೆ, ಬೆಂಕಿ ತೆಗೆದುಕೊಂಡದ್ದು ಕಣ್ಣೆದುರೇ ಇಲ್ಲವಾಗುತ್ತದೆ. ನನ್ನ ಶಾಲೆಯ ತಾಂಡಾದ ಮಕ್ಕಳು ದೇವರು ತಿಂದನೇ ಎಂದು ಎಂದೂ ಕೇಳಿದವರಲ್ಲ.

ಪಂಚಮಿ ಎಂದಮೇಲೆ ಬಸವಣ್ಣನವರನ್ನು ಬಿಟ್ಟು ಮಾತು ಮುಗಿಯದು. ಕಲ್ಲಿನ ಹಾವಿಗೆ ಹಾಲು, ಜೀವದ ಹಾವಿಗೆ ಕೋಲು. ಉಣ್ಣಲಾರದ ಲಿಂಗದ ಮುಂದೆ ಎಡೆ, ಹಸಿದು ಬಂದ ಜಂಗಮನಿಗೆ ಮುಚ್ಚಿದ ಬಾಗಿಲು. ಅವರು ಎತ್ತಿ ತೋರಿಸಿದ ಈ ಅನ್ಯಾಯ ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಅಲ್ಲಿಗೇ ನಿಂತು, ಎಡೆ ಇಡುವುದೇ ದಡ್ಡತನ ಎಂದುಕೊಳ್ಳುವವರು ಶರಣರನ್ನು ಅರ್ಧ ಮಾತ್ರ ಕೇಳಿದ್ದಾರೆ.

ಉಳಿದರ್ಧ ಷಟ್‌ಸ್ಥಲದಲ್ಲಿದೆ. ಒಂದೇ ಲಿಂಗ ಮೈಯ ಬೇರೆ ಬೇರೆ ಬಾಗಿಲುಗಳಲ್ಲಿ ಬೇರೆ ಬೇರೆ ಹೆಸರಿನಿಂದ ನಿಂತಿದೆ ಎನ್ನುತ್ತಾರೆ. ಮೂಗಿನಲ್ಲಿ ಆಚಾರಲಿಂಗ, ಅದಕ್ಕೆ ವಾಸನೆ ಅರ್ಪಿತ. ನಾಲಗೆಯಲ್ಲಿ ಗುರುಲಿಂಗ, ಅದಕ್ಕೆ ರುಚಿ. ಕಣ್ಣಿನ ಶಿವಲಿಂಗಕ್ಕೆ ರೂಪ, ಚರ್ಮದ ಜಂಗಮಲಿಂಗಕ್ಕೆ ಸ್ಪರ್ಶ, ಕಿವಿಯ ಪ್ರಸಾದಲಿಂಗಕ್ಕೆ ಶಬ್ದ, ಹೃದಯದ ಮಹಾಲಿಂಗಕ್ಕೆ ತೃಪ್ತಿ. ಇದನ್ನು ಹೊನ್ನಾಳಿಯ ಹಿರೇಕಲ್ಮಠದಲ್ಲಿ ಪ್ರವಚನ ಕೇಳಿ ಬೆಳೆದ ನಮ್ಮ ಅತ್ತೆಯ ಬಾಯಿಂದಲೇ ನಾನು ಮೊದಲು ಕೇಳಿದ್ದು. ಆಗ ಅದು ನನಗೆ ಬರೀ ಒಂದು ಪಟ್ಟಿಯಾಗಿತ್ತು. ಅವತ್ತು ಅಡುಗೆಮನೆಯಲ್ಲಿ ಒಂದೊಂದೂ ಎದುರಿಗೆ ನಿಂತಿತು. ತಟ್ಟೆಯ ಅಡಿಯ ಪಟಪಟಕ್ಕೆ ಕಿವಿ, ಬೆಲ್ಲ ಕಂದಾಗುವ ವಾಸನೆಗೆ ಮೂಗು, ಅಂಟುವ ಬಿಸಿಗೆ ಅಂಗೈ, ಅರಳಿದ ಕಾಳಿನ ಬಿಳುಪಿಗೆ ಕಣ್ಣು, ನೆಕ್ಕಿದ ಬೆರಳಿಗೆ ನಾಲಗೆ. ದೇವರು ತಿನ್ನುವುದು ಉಂಡೆಯ ತೂಕವನ್ನಲ್ಲ, ತಿನ್ನುವವರ ನಾಲಗೆಯ ಮೇಲೆ ಎದ್ದ ಸವಿಯನ್ನು. ಜಗುಲಿಯ ಮೇಲಿನ ಐದು ಐದೇ ಆಗಿ ಉಳಿಯಲೇಬೇಕು. ಅವು ಬಾಯಿಗೆ ಹೋದಾಗಲೇ ಅವನಿಗೆ ಮುಟ್ಟುವುದು.

ಹಾಗಾದರೆ ಹೊಟ್ಟೆಬಾಕನೂ ಭಕ್ತನೇ, ಎಂದಳು ಅಕ್ಕ. ಅಲ್ಲ. ಶರಣರು ಕೇಳುವುದು ಅವಧಾನ. ಮುಟ್ಟುವಾಗ ಮುಟ್ಟಿದ್ದರಲ್ಲಿ, ಸವಿಯುವಾಗ ಸವಿಯಲ್ಲಿ ಮನಸ್ಸು ಇರಬೇಕು. ಇಲ್ಲದಿದ್ದರೆ ಅದು ಅನರ್ಪಿತ. ಟೀವಿ ನೋಡುತ್ತ ಬಟ್ಟಲು ಖಾಲಿ ಮಾಡುವ ನಮ್ಮ ಎಷ್ಟೋ ಊಟಗಳು ಯಾರಿಗೂ ಮುಟ್ಟದೆ ಹೋಗುತ್ತವೆ. ಅಂಗೈಗೆ ಅಂಟಿದ ಬೆಲ್ಲವನ್ನು ನೆಕ್ಕುವ ಮಗುವಿನ ಮನಸ್ಸು ಮಾತ್ರ ಆ ಹೊತ್ತಿಗೆ ಬೇರೆಲ್ಲೂ ಇರುವುದಿಲ್ಲ. ಕಣ್ಣಪ್ಪನಷ್ಟು ಕೊಡದಿರಬಹುದು, ತನ್ನಲ್ಲಿದ್ದ ಗಮನವನ್ನು ಪೂರ್ತಿ ಕೊಟ್ಟಿದೆ. ಆ ಉಂಡೆ ಎಂಜಲೆಂದು ನಾನು ಒಪ್ಪುವುದಿಲ್ಲ.

ಆದರೂ ಎಡೆಗಿಡುವ ತನಕ ತಿನ್ನಬಾರದೆಂಬ ಅತ್ತೆಯ ಕಟ್ಟಳೆಯನ್ನು ನಾನು ಬಿಟ್ಟಿಲ್ಲ. ಅದರಿಂದ ದೇವರಿಗೆ ಆಗುವುದೇನೂ ಇಲ್ಲ, ಮಕ್ಕಳಿಗೆ ಆಗುತ್ತದೆ. ಮಾಡಿದ್ದೆಲ್ಲ ಮಾಡಿದವರದ್ದಲ್ಲ, ಒಲೆಯ ಹತ್ತಿರ ಇಲ್ಲದವರ ಪಾಲೂ ಅದರಲ್ಲಿದೆ ಎಂಬುದನ್ನು ಆ ಸ್ವಲ್ಪ ಹೊತ್ತಿನ ಕಾಯುವಿಕೆ ಕಲಿಸುತ್ತದೆ. ತನಗಾಗಿ ಮಾತ್ರ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ ಎಂದು ಗೀತೆಯ ಮೂರನೆಯ ಅಧ್ಯಾಯವೂ ಹೇಳುತ್ತದೆ. ಬೆರಳು ನೆಕ್ಕಿದ್ದಕ್ಕೆ ಬೈಯುವುದಿಲ್ಲ, ಹಂಚದೆ ಬಚ್ಚಿಟ್ಟುಕೊಂಡರೆ ಬೈಯುತ್ತೇನೆ.

ದೇವರು ನಾಲಗೆಯಲ್ಲಿ ಉಣ್ಣುತ್ತಾನೆಂದು ಒಪ್ಪಿದ ಮೇಲೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ, ಅದು ಹಗುರವಲ್ಲ. ಮಗು ಹಸಿದಿದ್ದರೆ ಅಲ್ಲಿ ದೇವರು ಹಸಿದಿದ್ದಾನೆ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆ ಸುತ್ತಿ ಕೂತುಬಿಡುವ ಮಕ್ಕಳನ್ನು ನಾನು ನೋಡಿದ್ದೇನೆ. ರಾಜ್ಯದಲ್ಲಿ ಶಾಲೆಯ ಬಿಸಿಯೂಟ 2002ರಲ್ಲಿ ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟವರಿಗೆ ಈ ವಿಚಾರ ಗೊತ್ತಿದ್ದಿರಬೇಕು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು: 18 ಗ್ರಾಂ ಹಾಲಿನ ಪುಡಿಯಿಂದ ಮಗುವಿಗೊಂದು ಲೋಟ, 150 ಮಿ.ಲೀ. ಹಾಲು. ಅದೇ ತಿಂಗಳು ಪಂಚಮಿಯೂ ಬಂತು. ಸಾಲಾಗಿ ಕೂತು ಹಾಲು ಕುಡಿದು, ಮೇಲ್ತುಟಿಯ ಬಿಳಿ ಗೆರೆಯನ್ನು ನಾಲಗೆಯಿಂದ ಸವರಿಕೊಳ್ಳುವ ಮಕ್ಕಳನ್ನು ನೋಡಿ, ಹುತ್ತಕ್ಕೆ ಎರೆದದ್ದಕ್ಕಿಂತ ಇದು ನೆಟ್ಟಗೆ ಮುಟ್ಟಿತೆಂದು ನನಗೆ ಅನುಮಾನವಿಲ್ಲದೆ ಅನ್ನಿಸಿತ್ತು. ಹಾವು ಹಾಲು ಕುಡಿಯುವ ಪ್ರಾಣಿಯೂ ಅಲ್ಲ.

ಮೊಮ್ಮಗಳಿಗೆ ಇಷ್ಟನ್ನೂ ಅವಳಿಗೆ ತಿಳಿಯುವ ಮಾತಿನಲ್ಲಿ ಹೇಳಿದೆ. ಅವಳಿಗೆ ಸಮಾಧಾನವಾಯಿತು. ಪಕ್ಕದಲ್ಲಿ ಕೂತು ಕೇಳಿಸಿಕೊಂಡ ತಮ್ಮನಿಗೆ ಆಗಲಿಲ್ಲ. ಮಳೆಗಾಲದ ಕೆಮ್ಮಿಗೆ ಅವನು ಔಷಧಿ ಕುಡಿಯುತ್ತಿದ್ದ. "ಹಂಗಾದ್ರೆ ಕಹಿ ಔಷಧಿನೂ ದೇವ್ರೇ ಕುಡೀತಾನಾ?"

ಹೌದು ಎಂದೆ. ಸಿಹಿಯನ್ನಷ್ಟೇ ಅರ್ಪಿಸಿ ಕಹಿಯನ್ನು ತಾವಿಟ್ಟುಕೊಳ್ಳುವ ಲೆಕ್ಕ ಶರಣರಲ್ಲಿಲ್ಲ, ಸುಖದ ಜೊತೆಗೆ ದುಃಖವೂ ಅಲ್ಲಿಗೇ ಸಲ್ಲಬೇಕು. ಇದನ್ನು ಹೇಳುವುದು ಸುಲಭ, ಮಾಡಿ ತೋರಿಸಿದವರನ್ನು ನಾನು ನೋಡಿದ್ದು ಅತ್ತೆಯಲ್ಲಿ. ಕೊನೆಯ ಕಾಯಿಲೆಯಲ್ಲಿ ಹಾಸಿಗೆಯ ಮೇಲೆ ಒರಗಿ ಕೂತು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು, ಬಲಗೈಯ ಮಾತ್ರೆಗಳನ್ನು ಅದಕ್ಕೊಮ್ಮೆ ತೋರಿಸಿಯೇ ನುಂಗುತ್ತಿದ್ದರು. ಕೈ ನಡುಗಿ ಮಾತ್ರೆ ಬಿದ್ದರೆ ಹುಡುಕಿ ಕೊಡುವ ತನಕ ಕಾಯುತ್ತಿದ್ದರು, ತೋರಿಸದೆ ನುಂಗುತ್ತಿರಲಿಲ್ಲ. ಇದನ್ನು ಮೊಮ್ಮಗನಿಗೆ ಹೇಳಿದೆ.

"ಆಮ್ಯಾಲೆ ಅವ್ರಿಗೆ ಬೆಲ್ಲ ಕೊಡ್ತಿದ್ರಾ?" ಎಂದ.

ಕೊಡುತ್ತಿದ್ದೆವು. ಅದನ್ನೂ ತೋರಿಸಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.